ಬಾರ್‌ಸ್ಪಿನ್‌ಗೆ ಮುನ್ನ ಬ್ರೇಕ್ ಹೋಸ್ ನೋಡಿ

ಮಾನ್ಯ ಸಂಪಾದಕರೇ,

ಅಮೆರಿಕದ ಯೂಟಾದಲ್ಲಿ 2001ರಲ್ಲಿ ಶುರುವಾದ ರೆಡ್ ಬುಲ್ ರ‍್ಯಾಂಪೇಜ್‌ನ (ಕಡಿದಾದ ಬೆಟ್ಟದಲ್ಲಿ ನಡೆಯುವ ಸೈಕಲ್ ಸ್ಪರ್ಧೆ) ವಿಡಿಯೊ ನೋಡಿ, ಮನೆಯಲ್ಲಿರುವ ಗೇರ್ ಸೈಕಲ್ಲಿನಲ್ಲೇ ಬಾರ್‌ಸ್ಪಿನ್ (ಗಾಳಿಯಲ್ಲಿರುವಾಗ ಹ್ಯಾಂಡಲನ್ನು ಒಂದು ಸುತ್ತು ತಿರುಗಿಸುವುದು), ಟೇಲ್‌ವಿಪ್‌ಗೆ (ಹ್ಯಾಂಡಲ್ ಹಿಡಿದು ಸೈಕಲ್ಲನ್ನೇ ಅದರ ಸುತ್ತ ತಿರುಗಿಸುವುದು) ಕೈಹಾಕುವ ಹುಡುಗರಿದ್ದಾರೆ. ಈ ಎರಡೂ ಕಸರತ್ತು ಫ್ರೀರೈಡ್‌ಗೆ (ಬೆಟ್ಟದಲ್ಲಿ ಜಂಪು, ಕಸರತ್ತು ಮಾಡುತ್ತ ಇಳಿಯುವ ಸೈಕ್ಲಿಂಗ್) ಬಂದದ್ದು 20 ಇಂಚಿನ ಚಕ್ರದ ಪುಟ್ಟ ಬಿಎಂಎಕ್ಸ್ ಸೈಕಲ್ಲಿನಿಂದ. ಸೈಕಲ್ಲೂ ಅದಕ್ಕೆ ತಕ್ಕಂತಿರಬೇಕು.

ಕಲಿಯಲು ಸರಿಯಾದದ್ದು 26 ಇಂಚಿನ ಚಕ್ರದ, ಮಣ್ಣಿನ ದಿಬ್ಬದಿಂದ ಹಾರಲೆಂದೇ ಮಾಡಿದ ಡರ್ಟ್ ಜಂಪ್ ಸೈಕಲ್: ಒಂದೇ ಗೇರ್, ಮುಂದೆ 100 ಮಿ.ಮೀ. ಕುಗ್ಗುವ ಸಸ್ಪೆನ್ಷನ್ ಫೋರ್ಕ್ (ಮುಂಚಕ್ರ ಹಿಡಿಯುವ ಕವಲು), ಹಿಂದೆ ಸಸ್ಪೆನ್ಷನ್ ಇಲ್ಲ, ಬ್ರೇಕ್ ಹಿಂದಿನ ಚಕ್ರಕ್ಕೆ ಮಾತ್ರ. ಫೋರ್ಕ್ ಮೆತ್ತಗಿದ್ದರೆ ಜಂಪಿನ ಏರಿನಲ್ಲೇ ಕುಸಿದು ಎತ್ತರವನ್ನು ನುಂಗಿಬಿಡುತ್ತದೆ. ಪೆಡಲ್ ಮೇಲೆ ನಿಂತಾಗ 10–15 ಮಿ.ಮೀ.ಗಿಂತ ಹೆಚ್ಚು ತಗ್ಗದಂತೆ ಫೋರ್ಕಿಗೆ ಗಾಳಿ ತುಂಬಿ.

ಎಡವಟ್ಟಾಗುವುದು ಹೆಚ್ಚಾಗಿ ಹಿಂಬ್ರೇಕಿನ ಹೋಸ್‌ನಿಂದ (ಬ್ರೇಕಿನ ಎಣ್ಣೆ ಸಾಗುವ ಕೊಳವೆ). ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಅದು ಹೆಡ್‌ಟ್ಯೂಬ್‌ಗೆ (ಫ್ರೇಮಿನ ಮುಂದಿನ ಗಿಡ್ಡ ಕೊಳವೆ) ಸುತ್ತಿಕೊಳ್ಳುತ್ತದೆ. ಗಿಡ್ಡವಿದ್ದರೆ ಅರ್ಧಕ್ಕೇ ಜಗ್ಗಿ ನಿಲ್ಲುತ್ತದೆ, ಮುಂಚಕ್ರ ಅಡ್ಡ ಇರುವಾಗಲೇ ನೆಲ ಬಂದಿರುತ್ತದೆ. ಮಣಿಕಟ್ಟೋ ಕೊರಳೆಲುಬೋ ಹೋದಂತೆಯೇ. ಉದ್ದದ ಹೋಸ್ ಹಾಕಿಸಿ, ಜಂಪಿಗೆ ಹೋಗುವ ಮೊದಲು ನಿಂತಲ್ಲೇ ಎರಡೂ ಕಡೆ ಪೂರ್ತಿ ತಿರುಗಿಸಿ ನೋಡಿ. ಒಮ್ಮೆ ಸುತ್ತಿದ್ದನ್ನು ಬಿಚ್ಚಿಯೇ ಮುಂದಿನ ಸುತ್ತು. ಬಿಎಂಎಕ್ಸ್‌ನ ಮಾಮೂಲಿ ಗೈರೋ (ಹ್ಯಾಂಡಲ್ ತಿರುಗಿದರೂ ಕೇಬಲ್ ಸುತ್ತಿಕೊಳ್ಳದಂತೆ ತಡೆಯುವ ಸಾಧನ) ತಂತಿಯ ಕೇಬಲ್ ಬ್ರೇಕಿಗೆಂದು ಮಾಡಿದ್ದು, ಎಣ್ಣೆಯ ಒತ್ತಡದ ಹೈಡ್ರಾಲಿಕ್ ಬ್ರೇಕಿಗೆ ಹೊಂದದು. ಅಂಗಡಿಯವರು ‘ಹಾಕಿಕೊಡ್ತೀವಿ’ ಎಂದರೆ ನಂಬಬೇಡಿ.

– ಸೈಕಲ್ ಮೆಕ್ಯಾನಿಕ್, ಮೈಸೂರು