ಉದ್ರಿ ಪುಸ್ತಕಕ್ಕೆ ಕತ್ತರಿ ಹಾಕುವ ಮೊದಲು

ಕೊಪ್ಪಳ

ಪ್ರೀತಿಯ ದೋಸ್ತ,

ನೀನು ಕಳಿಸಿದ ಫೋಟೋ ನೋಡಿದೆ. ಮೇಜಿನ ಮೇಲೆ ಕೊಲಾಜ್ (ಕಾಗದ, ಬಟ್ಟೆ ಚೂರು ಅಂಟಿಸಿ ಮಾಡುವ ಚಿತ್ರ) ಕಲಿಸುವ ಮೂರು ದಪ್ಪ ಪುಸ್ತಕ, ಒಂದು ಹೊಸ ಸ್ಕೆಚ್‌ಬುಕ್, ಪಕ್ಕದಲ್ಲಿ ನಿನ್ನ ಅಪ್ಪ, ನಮ್ಮೆಲ್ಲರ ಕಾಕಾ, ಅಂಗಡಿಯಲ್ಲಿ ಬರೆಯುತ್ತಿದ್ದ ಉದ್ರಿ ಪುಸ್ತಕ. ಆ ಕೆಂಪು ಬಟ್ಟೆಯ ರಟ್ಟು ಕಂಡ ಕೂಡಲೇ ಗುರುತು ಸಿಕ್ಕಿತು. ಅದರೊಳಗೆ ನಮ್ಮವ್ವನ ಹೆಸರಿನ ಪುಟವೂ ಇದ್ದೀತು. ತೊಗರಿಬೇಳೆ, ಚಹಾಪುಡಿ, ಬೆಲ್ಲ, ತಿಂಗಳ ಕೊನೆಗೆ ಎಲ್ಲದರ ಮೇಲೆ ಒಂದು ಅಡ್ಡಗೆರೆ.

ಅಪ್ಪನ ನೆನಪಿಗೆ ಒಂದು ಸ್ಕೆಚ್‌ಬುಕ್ ಮಾಡಬೇಕು ಅಂತ ಹೊರಟು ಮೂರು ತಿಂಗಳಾಯ್ತು, ಒಂದು ಗೆರೆಯನ್ನೂ ಎಳೆದಿಲ್ಲ, ಯಾವ ಪುಸ್ತಕದಿಂದ ಶುರು ಮಾಡಲಿ ಅಂತ ಕೇಳಿದ್ದೀಯ. ಇಂಥದೇ ಪ್ರಶ್ನೆಯನ್ನು ಇನ್ನೂ ಕೆಲವರು ಕೇಳಿದ್ದಾರೆ. ಅದಕ್ಕೇ ನಿನ್ನ ಹೆಸರು ಬಿಟ್ಟು, ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ಮೂರರಲ್ಲಿ ಯಾವುದರಿಂದ ಬೇಕಾದರೂ ಶುರು ಮಾಡು. ಆದರೆ ಮುಗಿದ ಚಿತ್ರಗಳ ಪುಟಗಳನ್ನು ಸದ್ಯಕ್ಕೆ ನೋಡಲೇಬೇಡ. ಅಂಟು ಮತ್ತು ಕಾಗದದ ಬಗ್ಗೆ ಬರೆದ ಪುಟಗಳನ್ನು ಎರಡು ಸಲ ಓದು. ನಾನು ಶಾಲೆಯಲ್ಲಿ ಡ್ರಾಯಿಂಗ್ ಕಲಿಸುವವನು. ಇಂಥ ಪುಸ್ತಕ ಕೈಗೆ ಬಂದರೆ ಒಂದನ್ನೇ ಹುಡುಕುತ್ತೇನೆ, ಕೆಲಸ ಅರ್ಧ ಆಗಿರುವಾಗಿನ ಫೋಟೋ ಇದೆಯಾ ಅಂತ. ಅಂಟು ಹಚ್ಚುತ್ತಿರುವ ಕೈ, ಒಣಗುತ್ತಿರುವ ಹಾಳೆ, ಸುಕ್ಕಾದ ಪುಟವನ್ನು ಸರಿ ಮಾಡಿದ ಬಗೆ. ಅದಿದ್ದರೆ ಒಳ್ಳೆಯ ಪುಸ್ತಕ. ಕತ್ತರಿಸಿ ಅಂಟಿಸಿ ಅಂತ ಹೂವು ಚಿಟ್ಟೆಗಳನ್ನು ಅಚ್ಚು ಮಾಡಿ ಕೊಡುವ ಪುಸ್ತಕಗಳನ್ನು ನಾನು ಯಾರಿಗೂ ಕೊಳ್ಳಲು ಹೇಳುವುದಿಲ್ಲ. ಅದರಲ್ಲಿ ಕಾಗದ ಆರಿಸುವ ಕೆಲಸವೇ ಇಲ್ಲ. ಕೊಲಾಜ್‌ನಲ್ಲಿ ಅರ್ಧ ಕಲೆ ಇರೋದೇ ಆ ಆಯ್ಕೆಯಲ್ಲಿ, ಅಲ್ವಾ?

ಮತ್ತೆ ಆ ಪುಸ್ತಕಗಳು ಕೊಡುವ ಸಾಮಾನಿನ ಪಟ್ಟಿ. ಬಣ್ಣಕ್ಕೆ ಮೊದಲು ಬಳಿಯುವ ಜೆಸ್ಸೊ, ಹೊಳಪಿಲ್ಲದ ಅಂಟಾದ ಮ್ಯಾಟ್ ಮೀಡಿಯಂ, ಜೆಲ್, ಆಮ್ಲವಿಲ್ಲದ 300 ಜಿಎಸ್ಎಂ ದಪ್ಪ ಕಾಗದ. ಇಷ್ಟೂ ಸಿಗುವವರೆಗೆ ಕೈ ಹಚ್ಚುವುದಿಲ್ಲ ಅಂತ ಕೂತಿದ್ದೀಯ ಅನ್ನಿಸುತ್ತದೆ. ಒಂದು ವಿಷಯ ನೆನಪು ಮಾಡುತ್ತೇನೆ. ಕಿನ್ನಾಳ ನಮ್ಮೂರಿಗೆ ಎಷ್ಟು ಹತ್ತಿರ! ಅಲ್ಲಿ ಮರದ ಗೊಂಬೆ, ಮೂರ್ತಿ ಮಾಡುವ ಚಿತ್ರಗಾರರು ಹಗುರ ಮರದ ತುಂಡುಗಳನ್ನು ಕೂಡಿಸಿದ ಮೇಲೆ ಏನು ಮೆತ್ತುತ್ತಾರೆ ಗೊತ್ತಲ್ಲ? ಗೋಣಿನಾರಿನ ಚಿಂದಿ ನೆನೆಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆಬೀಜದ ಅಂಟಿನೊಂದಿಗೆ ಕಲಸುತ್ತಾರೆ. ಅದಕ್ಕೆ ಕಿಟ್ಟ ಅನ್ನುತ್ತಾರೆ. ಕಿಟ್ಟ ಮೆತ್ತಿದ ಮೇಲೆ ಅದೇ ಹುಣಸೆಬೀಜದ ಅಂಟಿನಿಂದ ಬಟ್ಟೆ ಚೂರು. ಅದರ ಮೇಲೆ ಕಲ್ಲಿನ ಪುಡಿಯ ಲೇಪ, ಆಮೇಲೆ ಬಣ್ಣ. ಮೂರ್ತಿಯ ಮೈಮೇಲಿನ ಒಡವೆಗಳನ್ನು ಉಬ್ಬಿಸಿ ಮಾಡುವುದೂ ಆ ಕಲ್ಲಿನ ಪುಡಿಯಿಂದಲೇ.

ಈಗ ನಿನ್ನ ಪುಸ್ತಕದಲ್ಲಿ ಜೆಸ್ಸೊ ಬಗ್ಗೆ ಓದು. ಹಳೇ ಕಾಲದ ಯುರೋಪಿನ ಜೆಸ್ಸೊ ಅಂದರೆ ಸುಣ್ಣದಂಥ ಬಿಳಿ ಪುಡಿ ಮತ್ತು ಪ್ರಾಣಿಯ ಚರ್ಮದಿಂದ ತೆಗೆದ ಅಂಟು. ಬಣ್ಣ ಒಳಗೆ ಹೀರಿಹೋಗದ ಹಾಗೆ, ಮೇಲೆ ಹಿಡಿದು ನಿಲ್ಲುವ ಹಾಗೆ ಒಂದು ತಳ. ಕಿನ್ನಾಳದ ಲೇಪ ಮಾಡೋದೂ ಅದನ್ನೇ. ಈ ಸಾಲನ್ನು ಮೊದಲ ಸಲ ಓದಿದ ದಿನ ನಾನು ಪುಸ್ತಕ ಮುಚ್ಚಿ ಬಹಳ ಹೊತ್ತು ಸುಮ್ನೆ ಕೂತಿದ್ದೆ. ಬೇರೆ ದೇಶದ ವಿದ್ಯೆ ಅಂದುಕೊಂಡದ್ದು ನಮ್ಮ ಪಕ್ಕದ ಊರಿನಲ್ಲೇ ಇತ್ತು. ಅವತ್ತಿನಿಂದ ಪಟ್ಟಿಯಲ್ಲಿ ಸಾಮಾನಿನ ಹೆಸರು ಕಂಡರೆ, ಇದು ಮಾಡುವ ಕೆಲಸ ಏನು ಅಂತ ಮೊದಲು ಕೇಳಿಕೊಳ್ಳುತ್ತೇನೆ. ಆ ಕೆಲಸಕ್ಕೆ ನಮ್ಮಲ್ಲಿ ಏನಿದೆ ಅಂತ ಆಮೇಲೆ.

ಮ್ಯಾಟ್ ಮೀಡಿಯಂ ಬದಲು ಫೆವಿಕಾಲ್ ಸಾಕು, ಎರಡು ಪಾಲಿಗೆ ಒಂದು ಪಾಲು ನೀರು. ನೀರು ಜಾಸ್ತಿ ಆದರೆ ಹಾಳೆ ಉಬ್ಬುತ್ತದೆ. ನಡುವಿನಿಂದ ಅಂಚಿನ ಕಡೆಗೆ ಒತ್ತು, ಹಳೇ ಎಟಿಎಂ ಕಾರ್ಡಿನಿಂದ ಗಾಳಿಗುಳ್ಳೆಗಳನ್ನು ಹೊರಗೆ ತಳ್ಳು. ಒಂದೇ ಮಗ್ಗುಲಿಗೆ ಅಂಟಿಸಿದರೆ ಹಾಳೆ ಒಣಗುವಾಗ ಬಾಗುತ್ತದೆ, ಹಿಂದೆ ಇನ್ನೊಂದು ಖಾಲಿ ಕಾಗದ ಅಂಟಿಸಿದರೆ ಎರಡೂ ಕಡೆಯ ಎಳೆತ ಸಮ ಆಗುತ್ತದೆ. ಮೇಲೊಂದು ಕಡಪಾ ಕಲ್ಲಿನ ಚೂರು ಹೇರಿಡು.

ಪುಸ್ತಕದಲ್ಲಿ ಒಂದು ಪದರ ಒಣಗಲು ಇಷ್ಟು ಹೊತ್ತು ಕಾಯಿರಿ ಅಂತ ಬರೆದಿರುತ್ತಾರಲ್ಲ, ಆ ಲೆಕ್ಕ ತಂಪು ದೇಶದ್ದು. ಇಲ್ಲಿ ಏಪ್ರಿಲ್ ಮಧ್ಯಾಹ್ನ ಕಾಗದಕ್ಕೆ ಮುಟ್ಟಿಸುವ ಮೊದಲೇ ಬ್ರಷ್ಷಿನಲ್ಲಿ ಅಂಟು ಒಣಗಿರುತ್ತದೆ. ನಾನು ಬೇಸಿಗೆಯಲ್ಲಿ ಬೆಳಗಿನ ಜಾವ ಕೂರುತ್ತೇನೆ. ನಿನ್ನ ಪುಣೆಯ ಮಳೆಗಾಲದಲ್ಲಿ ಇದು ಪೂರ್ತಿ ಉಲ್ಟಾ. ಅಕ್ರಿಲಿಕ್ ಬಣ್ಣ ಒಣಗಿದ ಹಾಗೆ ಕಂಡರೂ ಮೇಲ್ಮೈ ಜಿಗುಟಾಗಿಯೇ ಇರುತ್ತದೆ, ಮುಚ್ಚಿಟ್ಟರೆ ಎದುರುಬದುರು ಪುಟ ಕಚ್ಚಿಕೊಳ್ಳುತ್ತವೆ. ನನ್ನ ಮೊದಲ ಸ್ಕೆಚ್‌ಬುಕ್ಕಿನ ಒಳ್ಳೊಳ್ಳೆ ಪುಟಗಳು ಹಾಗೇ ಹರಿದುಹೋದವು. ಇವತ್ತಿಗೂ ಆ ನೋವಿದೆ. ನಡುವೆ ಬೆಣ್ಣೆ ಕಾಗದ ಇಡು. ಪ್ರತಿ ಮೂರು ಹಾಳೆಗೆ ಒಂದನ್ನು ಬುಡದಲ್ಲಿ ಅರ್ಧ ಇಂಚು ಬಿಟ್ಟು ಈಗಲೇ ಕತ್ತರಿಸಿ ತೆಗೆ. ಅಂಟಿಸುತ್ತಾ ಹೋದ ಹಾಗೆ ಪುಸ್ತಕ ದಪ್ಪ ಆಗುತ್ತದೆ, ಆ ಜಾಗ ಬೇಕಾಗುತ್ತದೆ.

ಈಗ ಉದ್ರಿ ಪುಸ್ತಕಕ್ಕೆ ಬರುತ್ತೇನೆ. ನೀನು ಕೈ ಹಚ್ಚದೆ ಇರಲು ನಿಜವಾದ ಕಾರಣ ಅದೇ ಅಂತ ನನಗೆ ಗೊತ್ತು. ಅಪ್ಪನ ಅಕ್ಷರಕ್ಕೆ ಕತ್ತರಿ ಹಾಕುವುದು ಹೇಗೆ? ಹಾಕಬೇಡ. ಝೆರಾಕ್ಸ್ ಮಾಡಿಸು. ಝೆರಾಕ್ಸಿನ ಕಪ್ಪು ಟೋನರ್ ಪುಡಿ, ಶಾಯಿ ಅಲ್ಲ, ಅದಕ್ಕೇ ನೀರಿಗೆ ಹರಡುವುದಿಲ್ಲ. ಪುಸ್ತಕದಲ್ಲಿ ಇಮೇಜ್ ಟ್ರಾನ್ಸ್‌ಫರ್ ಅಂತ, ಅಚ್ಚನ್ನು ಬೇರೆ ಹಾಳೆಗೆ ಇಳಿಸುವ ಬಗೆ, ಇದೆಯಲ್ಲ, ಅದಕ್ಕೆ ಬೇಕಾದದ್ದು ಇಂಥದೇ ಪ್ರತಿ. ಮನೆಯ ಇಂಕ್‌ಜೆಟ್ ಪ್ರಿಂಟ್ ಆಗುವುದಿಲ್ಲ. ಕನ್ನಡಿಯಲ್ಲಿ ಕಾಣುವ ಹಾಗೆ ತಿರುಗಿಸಿ ಪ್ರತಿ ತೆಗೆಸು, ಇಲ್ಲದಿದ್ದರೆ ಅಕ್ಷರ ಉಲ್ಟಾ ಬೀಳುತ್ತವೆ. ಸ್ಕೆಚ್‌ಬುಕ್ಕಿನ ಪುಟದ ಮೇಲೆ ದಪ್ಪಗೆ ಅಕ್ರಿಲಿಕ್ ಜೆಲ್ ಹಚ್ಚಿ (ಇದೊಂದನ್ನು ಮಾತ್ರ ಕೊಂಡುಕೋ), ಪ್ರತಿಯನ್ನು ಮುಖ ಕೆಳಗೆ ಮಾಡಿ ಒತ್ತು. ಒಂದು ರಾತ್ರಿ ಬಿಡು. ಬೆಳಿಗ್ಗೆ ಒದ್ದೆ ಬೆರಳಿನಿಂದ ಮೆಲ್ಲಗೆ ಉಜ್ಜಿದರೆ ಕಾಗದ ಸುರುಳಿ ಸುರುಳಿಯಾಗಿ ಎದ್ದು ಬರುತ್ತದೆ, ಅಕ್ಷರ ಉಳಿಯುತ್ತದೆ. ಅಲ್ಲಲ್ಲಿ ಹಾರಿಹೋಗುತ್ತದೆ. ಅದನ್ನು ತಿದ್ದಬೇಡ.

ಸತ್ತವರ ಲೆಕ್ಕದ ಹಾಳೆ ಅಂಟಿಸಿದರೆ ಅದು ಚಿತ್ರ ಹೇಗಾಗುತ್ತದೆ ಅಂತಲೂ ಕೇಳಿದ್ದೀಯ. 1912ರಲ್ಲಿ ಪಿಕಾಸೊ ಕುರ್ಚಿಯ ಬೆತ್ತದ ಹೆಣಿಗೆ ಅಚ್ಚಾಗಿದ್ದ ಮೇಣದ ಬಟ್ಟೆಯ ಚೂರನ್ನು ಕ್ಯಾನ್ವಾಸಿಗೆ ಅಂಟಿಸಿದ, ಸುತ್ತ ಚೌಕಟ್ಟಿನ ಬದಲು ಹಗ್ಗ ಕಟ್ಟಿದ. ಅಂಟಿಸಿದ ಚೂರು ಚಿತ್ರದೊಳಗೆ ಬಂದರೂ ತನ್ನತನ ಬಿಡಲಿಲ್ಲ. ಕಾಕಾ ಅವರ ಅಕ್ಷರವೂ ಹಾಗೇ ಇರುತ್ತದೆ. ಅಂಗಡಿಯ ತಕ್ಕಡಿಯನ್ನು ನೀನು ಪೆನ್ಸಿಲ್‌ನಲ್ಲಿ ಬರೆ, ಅದರ ತಟ್ಟೆಯಲ್ಲಿ ಅವರ ಬೇಳೆಕಾಳಿನ ಲೆಕ್ಕ ಕೂರಲಿ. ಇದು ನನಗೆ ಹೊಳೆದದ್ದು ಅಷ್ಟೇ, ನಿನಗೆ ಬೇರೆ ಹೊಳೆದೀತು.

ಐವತ್ತರ ಮೇಲೆ ಇದೆಲ್ಲ ಬೇಕಾ ಅಂದಿದ್ದೀಯ. ಇಂಗ್ಲೆಂಡಿನ ಮೇರಿ ಡಿಲೇನಿ ಅನ್ನುವ ಹೆಣ್ಣುಮಗಳು ಕಾಗದದ ಹೂವು ಮಾಡಲು ಶುರು ಮಾಡಿದ್ದು ಗಂಡ ತೀರಿಕೊಂಡ ಮೇಲೆ, ತನ್ನ 72ನೇ ವಯಸ್ಸಿನಲ್ಲಿ. ಬಣ್ಣದ ಕಾಗದದ ಸಣ್ಣ ಸಣ್ಣ ಚೂರುಗಳನ್ನು ಕಪ್ಪು ಹಿನ್ನೆಲೆಗೆ ಅಂಟಿಸಿದ ಹೂವುಗಳು. ಕಣ್ಣು ಮಂದ ಆಗುವವರೆಗೆ ಸುಮಾರು ಹತ್ತು ವರ್ಷದಲ್ಲಿ ಸಾವಿರಕ್ಕೆ ಹತ್ತಿರ ಮಾಡಿದರು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. ನಾನು ಫೋಟೋದಲ್ಲಷ್ಟೇ ನೋಡಿದ್ದೇನೆ, ಬರೆದ ಚಿತ್ರ ಅಂತಲೇ ಅನ್ನಿಸುತ್ತದೆ.

ನಿನಗೊಂದು ಪಾರ್ಸೆಲ್ ಹಾಕಿದ್ದೇನೆ. ಅವ್ವ ಕೌದಿಗೆ ಅಂತ ಎತ್ತಿಟ್ಟಿದ್ದ ಇಳಕಲ್ ಸೀರೆಯ ಚೂರು, ಗಂಗಾವತಿ ಅಕ್ಕಿ ಚೀಲದ ಅಚ್ಚಿರುವ ಒಂದು ತುಂಡು, ಎರಡು ಹಳೇ ಲಗ್ನಪತ್ರ, ಗವಿಮಠದ ಜಾತ್ರೆಗೆ ಹೋಗಿಬಂದ ಬಸ್ ಟಿಕೆಟ್. ಟಿಕೆಟ್ ಶಾಖಕ್ಕೆ ಅಚ್ಚಾಗುವ ಕಾಗದ, ಕೆಲವೇ ತಿಂಗಳಲ್ಲಿ ಅಕ್ಷರ ಮಾಸುತ್ತದೆ. ಮೊದಲು ಅದರದ್ದೂ ಝೆರಾಕ್ಸ್ ತೆಗೆಸು. ಅಕ್ಕಿ ಚೀಲ ಪ್ಲಾಸ್ಟಿಕ್, ಫೆವಿಕಾಲ್‌ಗೆ ಹಿಡಿಯುವುದಿಲ್ಲ. ಅದಕ್ಕೇ ಒಂದು ದಬ್ಬಣ, ಸ್ವಲ್ಪ ಕೆಂಪು ದಾರ ಇಟ್ಟಿದ್ದೇನೆ, ಕೌದಿ ಹೊಲಿದ ಹಾಗೆ ಪುಟಕ್ಕೆ ಹೊಲಿ.

ಝೆರಾಕ್ಸ್ ಮಾಡಿಸುವಾಗ ನಮ್ಮವ್ವನ ಪುಟ ಸಿಕ್ಕರೆ ಒಂದು ಪ್ರತಿ ನನಗೂ ತೆಗೆಸು. ತಿರುಗಿಸಿದ್ದಲ್ಲ, ನೆಟ್ಟಗಿದ್ದದ್ದು.

ನಿನ್ನ
ಓಣಿಯ ದೋಸ್ತ