ಎಐ ಏಜೆಂಟ್‌ಗೆ ಕೊಡುವ ವಿವರಣೆಯನ್ನು ಮಂಡಿ ಬಲ್ಲವರೂ ಕೂತು ಬರೆಯಲಿ

ಮಾನ್ಯರೇ,

ದಾವಣಗೆರೆ ಎಪಿಎಂಸಿ ಪ್ರಾಂಗಣದ ದಲಾಲಿ ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವುದು ನನ್ನ ಕಸುಬು. ಕೃತಕ ಬುದ್ಧಿಮತ್ತೆಯ ಬಗ್ಗೆ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ತಪ್ಪದೇ ಓದುತ್ತೇನೆ. ಕೆಲಸ ಉಳಿಯುತ್ತದೆಯೇ ಹೋಗುತ್ತದೆಯೇ ಎಂಬ ಚರ್ಚೆಯೇ ಅವುಗಳಲ್ಲಿ ಹೆಚ್ಚು. ನಮ್ಮ ಜಿಲ್ಲೆಯ ರೈತರ ಮಟ್ಟಿಗೆ ಅದಕ್ಕಿಂತ ತುರ್ತಾದ ಸಂಗತಿಯೊಂದಿದೆ: ರೈತರಿಗೆ ಉತ್ತರಿಸುವ ಎಐ ತಾನು ಬಳಸುವ ಉಪಕರಣಗಳ ಬಗ್ಗೆ ಓದುವ ವಿವರಣೆಯನ್ನು ಯಾರು, ಹೇಗೆ ಬರೆಯುತ್ತಾರೆ ಎಂಬುದು.

ನನ್ನ ಅಕ್ಕನ ಮಗಳು ತಂತ್ರಾಂಶ ಎಂಜಿನಿಯರ್. ರೈತರ ಪ್ರಶ್ನೆಗೆ ಮೊಬೈಲ್‌ನಲ್ಲಿ ಕನ್ನಡದಲ್ಲೇ ಉತ್ತರಿಸುವ ಎಐ ಏಜೆಂಟ್ ಒಂದನ್ನು ಅವಳೂ ಗೆಳೆಯರೂ ಸೇರಿ ಕಟ್ಟುತ್ತಿದ್ದಾರೆ. ಏಜೆಂಟ್ ಬರೀ ಮಾತನಾಡುವ ತಂತ್ರಾಂಶವಲ್ಲ. ಧಾರಣೆ ತಿಳಿಯಲು ಒಂದು, ಮಳೆ ಮುನ್ಸೂಚನೆಗೆ ಒಂದು, ಮಾರಾಟಕ್ಕೆ ತಂದ ಮಾಲಿನ ಲಾಟ್ ನೋಂದಣಿಗೆ ಒಂದು ಎಂದು ತನಗೆ ಒಪ್ಪಿಸಿದ ಉಪಕರಣಗಳಲ್ಲಿ, ಅಂದರೆ ಚಿಕ್ಕ ತಂತ್ರಾಂಶಗಳಲ್ಲಿ, ಬೇಕಾದುದನ್ನು ತಾನೇ ಆರಿಸಿ ಬಳಸುತ್ತದೆ. ಆಂಥ್ರೊಪಿಕ್ ಕಂಪನಿ 2024ರ ನವೆಂಬರ್‌ನಲ್ಲಿ ಪ್ರಕಟಿಸಿದ ‘ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್’ ಎಂಬ, ಎಐಗೆ ಹೊರಗಿನ ಉಪಕರಣಗಳನ್ನು ಜೋಡಿಸುವ ಬಗೆ ಹೇಳುವ ಮುಕ್ತ ಮಾನದಂಡವನ್ನು ಇವರು ಅನುಸರಿಸುತ್ತಿದ್ದಾರೆ. ಅದರಂತೆ ಪ್ರತಿ ಉಪಕರಣಕ್ಕೂ ಒಂದು ಹೆಸರು, ಒಂದು ವಿವರಣೆ, ಏನೇನು ಮಾಹಿತಿ ತುಂಬಬೇಕೆಂಬ ನಮೂನೆ ಬರೆಯುತ್ತಾರೆ. ಏಜೆಂಟ್ ನೋಡಿ ನಿರ್ಧರಿಸುವುದು ಇವುಗಳನ್ನೇ. ಉಪಕರಣದ ಒಳಗಿನ ಕೋಡ್ ಎಷ್ಟೇ ಚೊಕ್ಕಟವಾಗಿರಲಿ, ಅದು ಏಜೆಂಟ್‌ನ ಕಣ್ಣಿಗೆ ಬೀಳುವುದಿಲ್ಲ.

ಧಾರಣೆಯ ಉಪಕರಣಕ್ಕೆ ಅವರು ಮೊದಲು ಬರೆದಿದ್ದ ವಿವರಣೆ, ‘ಅಡಿಕೆ ದರ ನೀಡುತ್ತದೆ’. ಅಷ್ಟೇ. ಯಾವ ಬಗೆಯ ಅಡಿಕೆ, ರಾಶಿಯೋ ಬೆಟ್ಟೆಯೋ? ಚನ್ನಗಿರಿ ಮಾರುಕಟ್ಟೆಯದೋ ಭೀಮಸಮುದ್ರದ್ದೋ? ಕ್ವಿಂಟಲ್‌ಗೋ ಕಿಲೋಗೋ? ಕನಿಷ್ಠ, ಗರಿಷ್ಠ, ಮಾದರಿ ದರಗಳಲ್ಲಿ ಯಾವುದು? ಬೆಟ್ಟೆಯ ದರ ಕೇಳಿ ನೋಡಿದೆವು. ಏಜೆಂಟ್ ರಾಶಿಯ ಗರಿಷ್ಠ ದರವನ್ನು ‘ಇಂದಿನ ಅಡಿಕೆ ದರ’ ಎಂದು ಧೈರ್ಯವಾಗಿ ಹೇಳಿತು. ಗರಿಷ್ಠ ದರ ಒಂದೇ ಒಂದು ಒಳ್ಳೆಯ ಲಾಟಿಗೆ ಸಿಕ್ಕಿರಬಹುದು. ಹೆಚ್ಚಿನ ಮಾಲು ಹೋಗುವುದು ಮಾದರಿ ದರದ ಆಸುಪಾಸಿನಲ್ಲಿ. ಗರಿಷ್ಠವನ್ನೇ ನಂಬಿ ಬಾಡಿಗೆ ಕೊಟ್ಟು ಮಾಲು ತಂದ ರೈತನಿಗೆ ಅಂಗಡಿಯ ಕಟ್ಟೆಯ ಮೇಲೆ ಏನೆಂದು ಸಮಾಧಾನ ಹೇಳುವುದು? ಆ ಸಂಕಟ ನಮಗೆ ಗೊತ್ತು, ಕೋಡ್ ಬರೆಯುವ ಮಕ್ಕಳಿಗೆ ಗೊತ್ತಿಲ್ಲ. ವಹಿವಾಟು ಇಲ್ಲದ ದಿನ ಕೇಳಿದರೆ ಉಪಕರಣ ಸೊನ್ನೆ ಕಳುಹಿಸುತ್ತಿತ್ತು, ಏಜೆಂಟ್ ಅದನ್ನೇ ದರವೆಂದು ಓದಿ ಹೇಳುತ್ತಿತ್ತು. ದಿನಾಂಕವನ್ನು ಯಾವ ಕ್ರಮದಲ್ಲಿ ಕೊಡಬೇಕೆಂದೂ ಬರೆದಿರಲಿಲ್ಲ. 03-04 ಎಂದರೆ ಏಪ್ರಿಲ್ 3 ಎಂದು ನಮಗೆ ಸಹಜ. ಅಮೆರಿಕದ ರೂಢಿಯಲ್ಲಿ ಅದು ಮಾರ್ಚ್ 4.

ಕೂತು ತಿದ್ದಿದ ಮೇಲೆ ವಿವರಣೆ ಹೀಗಾಯಿತು: ‘ಒಂದು ಮಾರುಕಟ್ಟೆಯಲ್ಲಿ ಒಂದು ದಿನ ಅಡಿಕೆಯ ಒಂದು ಬಗೆಗೆ ಸಿಕ್ಕ ಕನಿಷ್ಠ, ಗರಿಷ್ಠ ಮತ್ತು ಮಾದರಿ ದರವನ್ನು ಕ್ವಿಂಟಲ್‌ಗೆ ರೂಪಾಯಿಯಲ್ಲಿ ಕೊಡುತ್ತದೆ. ರೈತರು ಬಗೆ ಅಥವಾ ಮಾರುಕಟ್ಟೆ ಹೇಳದಿದ್ದರೆ ಊಹಿಸಬೇಡ, ಕೇಳು. ದಿನಾಂಕವನ್ನು ವರ್ಷ, ತಿಂಗಳು, ದಿನದ ಕ್ರಮದಲ್ಲಿ ಕೊಡು. ಅಂದು ವಹಿವಾಟು ಇಲ್ಲದಿದ್ದರೆ ಹಿಂದಿನ ವಹಿವಾಟಿನ ದರ ಬರುತ್ತದೆ, ಆ ದಿನಾಂಕವನ್ನೂ ರೈತರಿಗೆ ತಿಳಿಸು. ಮುಂದಿನ ದರ ಅಂದಾಜಿಸಲು ಇದನ್ನು ಬಳಸಬೇಡ.’ ಸೊನ್ನೆಯ ಬದಲು ಹಿಂದಿನ ದರ ಕಳುಹಿಸುವಂತೆ ಕೋಡನ್ನೂ ಬದಲಾಯಿಸಿದರು. ಈಗ ಬಗೆ ಹೇಳದೆ ದರ ಕೇಳಿದರೆ ಏಜೆಂಟ್ ‘ರಾಶಿಯೋ ಬೆಟ್ಟೆಯೋ’ ಎಂದು ಮರುಪ್ರಶ್ನೆ ಹಾಕುತ್ತದೆ. ಇದಕ್ಕಿಂತ ಉದ್ದ ಬರೆಯುವುದೂ ಸರಿಯಲ್ಲವಂತೆ. ಉಪಕರಣಗಳ ವಿವರಣೆಗಳನ್ನೆಲ್ಲ ಏಜೆಂಟ್ ರೈತರ ಪ್ರಶ್ನೆಯ ಜೊತೆಗೇ ಓದಬೇಕು. ಹೊರೆ ಹೆಚ್ಚಿದಷ್ಟೂ ಖರ್ಚು ಹೆಚ್ಚು, ಗೊಂದಲವೂ ಹೆಚ್ಚು.

ನನಗೆ ನಿಜಕ್ಕೂ ಭಯ ಹುಟ್ಟಿಸಿದ್ದು ಇನ್ನೊಂದು. ಲಾಟಿನ ವಿವರ ತೋರಿಸುವ ಉಪಕರಣ, ಲಾಟಿನ ನೋಂದಣಿಯನ್ನೇ ರದ್ದು ಮಾಡುವ ಉಪಕರಣ, ಎರಡಕ್ಕೂ ‘ಲಾಟ್ ನಿರ್ವಹಣೆಗೆ’ ಎಂದೇ ಬರೆದಿತ್ತು. ಒಂದು ಓದುವುದಕ್ಕೆ ಮಾತ್ರ, ಇನ್ನೊಂದು ಮಾಡಿದರೆ ಹಿಂದಕ್ಕೆ ಬಾರದು. ಈ ವ್ಯತ್ಯಾಸವನ್ನು ಮೊದಲ ಸಾಲಿನಲ್ಲೇ ಹೇಳಬೇಕು. ಹೇಳಿದರಷ್ಟೇ ಸಾಲದು, ರೈತರು ‘ಹೌದು’ ಎಂದು ಒತ್ತದೆ ರದ್ದಾಗದಂತೆ ತಂತ್ರಾಂಶದಲ್ಲೇ ತಡೆ ಇರಬೇಕು ಎಂದು ನಾನು ಹಟ ಹಿಡಿದೆ. ಅವರೂ ಒಪ್ಪಿದರು.

ದಾವಣಗೆರೆ, ಚಿತ್ರದುರ್ಗದ ಎಂಜಿನಿಯರಿಂಗ್ ಕಾಲೇಜುಗಳಿಗೆ ನನ್ನ ವಿನಂತಿ ಇಷ್ಟು. ವಿದ್ಯಾರ್ಥಿಗಳ ಪ್ರಾಜೆಕ್ಟ್‌ಗಳಲ್ಲಿ ಈ ವಿವರಣೆಗಳಿಗೂ ಅಂಕ ಕೊಡಿ. ಬರೆಯುವ ಮೊದಲು ಅವರನ್ನು ಪ್ರಾಂಗಣಕ್ಕೆ ಕಳುಹಿಸಿ, ತೂಕದವರು, ಹಮಾಲರು, ಗುಮಾಸ್ತರ ಜೊತೆ ಕೂರಲಿ. ಮೆಕ್ಕೆಜೋಳಕ್ಕೆ ತೇವಾಂಶ ನೋಡದೆ ಇಲ್ಲಿ ಯಾರೂ ದರ ಕಟ್ಟುವುದಿಲ್ಲ. ಚಳ್ಳಕೆರೆಯ ಶೇಂಗಾ, ಚಿತ್ರದುರ್ಗದ ಈರುಳ್ಳಿಗೂ ಅವುಗಳದೇ ಲೆಕ್ಕಾಚಾರಗಳಿವೆ. ರೈತರು ಕೇಳುವ ಮಾತಿನಲ್ಲೇ ಪ್ರಶ್ನೆಗಳನ್ನು ಬರೆದುಕೊಂಡು ಹೋಗಿ ಏಜೆಂಟ್‌ನ ಮುಂದಿಡಲಿ. ಎಲ್ಲಿ ಎಡವುತ್ತದೋ ಆ ಸಾಲನ್ನು ತಿದ್ದಲಿ. ಮೆಕ್ಕೆಜೋಳದ ಆವಕ ಏರುವ ಮೊದಲೇ ಬಂದರೆ ಒಳ್ಳೆಯದು, ಸುಗ್ಗಿಯಲ್ಲಿ ನಮಗೆ ತಲೆ ಎತ್ತಲೂ ಪುರುಸೊತ್ತು ಇರುವುದಿಲ್ಲ.

– ಮಂಡಿ ಗುಮಾಸ್ತ, ದಾವಣಗೆರೆ