ಆಡುಮಾತನ್ನು ಬಿಡಿ, ಫಲಕ ತಿದ್ದಿ

ಸಂಪಾದಕರಿಗೆ,

ಮಾನ್ಯರೇ,

ನವೆಂಬರ್ ಹತ್ತಿರ ಬಂತೆಂದರೆ ಕನ್ನಡದ ಉಚ್ಚಾರಣೆ ಕೆಟ್ಟುಹೋಯಿತು ಎಂಬ ದೂರು ಎಲ್ಲೆಡೆ ಕೇಳುತ್ತದೆ. ದೂರುವವರು ಬೆರಳು ಮಾಡುವುದು ಹೆಚ್ಚಾಗಿ ಹಳ್ಳಿಯವರ ಕಡೆಗೆ. ಹಾಲಿಗೆ ಆಲು ಎನ್ನುತ್ತಾರೆ, ಶಾಲೆಗೆ ಸಾಲೆ ಎನ್ನುತ್ತಾರೆ, ಭೂಮಿಗೆ ಬೂಮಿ ಎನ್ನುತ್ತಾರೆ ಎಂದು ನಗುತ್ತಾರೆ. ಇದು ಅನ್ಯಾಯ. ಅಚ್ಚಕನ್ನಡದ ಪದಗಳಲ್ಲಿ ಮಹಾಪ್ರಾಣ ಇಲ್ಲವೆನ್ನುವಷ್ಟು ಕಡಿಮೆ. ಆದ್ದರಿಂದ ದಿನದ ಮಾತಿನಲ್ಲಿ ಅದು ಸವೆದುಹೋಗುವುದು ಸಹಜ. ಓದಿದವರೂ ಅವಸರದಲ್ಲಿ ಆಡಿದರೆ ಸವೆಸಿಯೇ ಆಡುತ್ತಾರೆ. ಸಾಗರ, ಹೊಸನಗರದ ಕಡೆಯವರು ಅಡಕೆ ಎಂದರೆ ಅದು ಅಡಿಕೆಯ ತಪ್ಪು ರೂಪವಲ್ಲ, ನಿಘಂಟಿನಲ್ಲಿ ಎರಡೂ ಇವೆ. ‘ಏನು’ ಎನ್ನುವ ಬದಲು ‘ಎಂತ’ ಎನ್ನುವುದು ಮಲೆನಾಡಿನ ಮಾತು, ಅದನ್ನು ತಿದ್ದುವ ಅಗತ್ಯವಿಲ್ಲ.

ತಿದ್ದಬೇಕಾದದ್ದು ಬೇರೆ ಇದೆ. ದುಡ್ಡು ಪಡೆದು ಬರೆಯುವ, ಅಚ್ಚು ಹಾಕುವ, ನೂರಾರು ಜನರ ಮುಂದೆ ಓದುವ ಕನ್ನಡ ಅದು. ಊರ ಸ್ವಾಗತ ಕಮಾನು, ಮದುವೆಯ ಕರೆಯೋಲೆ, ಇಲಾಖೆಯ ಕರಪತ್ರ, ಫ್ಲೆಕ್ಸ್, ರೈಲು ನಿಲ್ದಾಣದ ಘೋಷಣೆ ಎಲ್ಲವೂ ಇದರಲ್ಲಿ ಬರುತ್ತವೆ. ಇಲ್ಲಿನ ತಪ್ಪುಗಳಿಗೆ ಕಾರಣಗಳು ಬೆರಳೆಣಿಕೆಯಷ್ಟೇ. ಕಾರಣ ಗೊತ್ತಾದರೆ ತಿದ್ದುವುದು ಕಷ್ಟವಲ್ಲ.

ಮೊದಲನೆಯದು, ಬೇಡದ ಕಡೆ ಮಹಾಪ್ರಾಣ ಹಾಕುವುದು. ಸಂಸ್ಕೃತದಿಂದ ಬಂದ ಪದಗಳನ್ನೂ ಮಹಾಪ್ರಾಣವಿಲ್ಲದೆ ಬರೆಯಬಹುದು ಎಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದರು, ತಾವೂ ಹಾಗೆಯೇ ಬರೆದರು. ಅದು ಒಂದು ನಿಲುವು, ಒಪ್ಪಬಹುದು ಬಿಡಬಹುದು. ಆದರೆ ನಮ್ಮ ಫಲಕಗಳಲ್ಲಿ ನಡೆಯುತ್ತಿರುವುದು ಅದಕ್ಕೆ ತೀರಾ ಉಲ್ಟಾ. ಹೊಟ್ಟೆ ಸೀಳಿದ ಅಕ್ಷರವೇ ಶುದ್ಧ ಎಂಬ ಭಯದಲ್ಲಿ ಬಾಗಿಲು ‘ಭಾಗಿಲು’ ಆಗುತ್ತದೆ, ಗದ್ದೆ ‘ಗದ್ಧೆ’ ಆಗುತ್ತದೆ. ದನದ ಕೊಟ್ಟಿಗೆ ಕಟ್ಟಲು ಸಹಾಯಧನ ಎಂಬ ಒಂದೇ ಸಾಲನ್ನು ತೆಗೆದುಕೊಳ್ಳಿ. ಕೊಟ್ಟಿಗೆಯಲ್ಲಿರುವುದು ದನ, ಸರ್ಕಾರ ಕೊಡುವುದು ಧನ. ‘ಧನದ ಕೊಟ್ಟಿಗೆಗೆ ಸಹಾಯದನ’ ಎಂದು ಬರೆದರೆ ಎರಡೂ ಅದಲುಬದಲು. ಕಂಪ್ಯೂಟರಿನಲ್ಲಿ ಕನ್ನಡ ಬರೆಯುವ ‘ನುಡಿ’ ತಂತ್ರಾಂಶದ ಕೀಲಿಮಣೆಯಲ್ಲಿ, ಅಂದರೆ ಕೆ.ಪಿ. ರಾವ್ ರೂಪಿಸಿದ ವಿನ್ಯಾಸದಲ್ಲಿ, ದ ಮತ್ತು ಧ ಇರುವುದು ಒಂದೇ ಕೀಲಿಯಲ್ಲಿ. ಶಿಫ್ಟ್ ಒತ್ತಿದರೆ ಧ, ಬಿಟ್ಟರೆ ದ. ಲ–ಳ, ನ–ಣ ಕೂಡ ಹೀಗೆಯೇ. ಬೆರಳು ಒಂದು ಕ್ಷಣ ಹೆಚ್ಚು ನಿಂತರೆ ಅರ್ಥ ಬದಲಾಗುತ್ತದೆ.

ಒತ್ತಕ್ಷರದಲ್ಲಿ ಇನ್ನೂ ಒಂದು ಗೊಂದಲ. ಅಭಿವೃದ್ಧಿ, ಪ್ರಸಿದ್ಧ, ಶ್ರದ್ಧಾಂಜಲಿ ಇವುಗಳಲ್ಲಿ ಮೇಲಿರುವುದು ಅಲ್ಪಪ್ರಾಣ ದ, ಕೆಳಗಿನ ಒತ್ತು ಮಹಾಪ್ರಾಣ ಧ. ಮೇಲೆ ಧ ಇಟ್ಟು ಕೆಳಗೆ ದ ಒತ್ತು ಕೊಡುವ ಪದ ಕನ್ನಡದಲ್ಲಿಲ್ಲ. ಸದ್ದು, ಮುದ್ದು, ಗದ್ದೆ, ಉದ್ದ ಇವುಗಳಲ್ಲಿ ಎರಡೂ ದ. ಇಷ್ಟು ನೆನಪಿದ್ದರೆ ಅರ್ಧ ಫಲಕಗಳು ಸರಿಹೋಗುತ್ತವೆ. ಶುಭಾಶಯದ್ದೂ ಇಲ್ಲೇ ಹೇಳಿಬಿಡಬೇಕು. ಶುಭ, ಆಶಯ ಎರಡೂ ಸೇರಿ ಶುಭಾಶಯ. ಅಲ್ಲಿ ಹೊಟ್ಟೆ ಸೀಳಿದ ಷ ಬರಲು ದಾರಿಯೇ ಇಲ್ಲ. ಆದರೂ ಹಬ್ಬದ ಫ್ಲೆಕ್ಸುಗಳಲ್ಲಿ ‘ಶುಭಾಷಯ’ವೇ ರಾರಾಜಿಸುತ್ತದೆ.

ಕರೆಯೋಲೆಗಳಲ್ಲಿ ಅತಿ ಹೆಚ್ಚು ಕಾಣುವುದು ‘ಗ್ರಹಪ್ರವೇಶ’. ಗೃಹ ಎಂದರೆ ಮನೆ, ಗ್ರಹ ಎಂದರೆ ಶನಿ, ಮಂಗಳ. ಹೊಸ ಮನೆಗೆ ಗ್ರಹ ಪ್ರವೇಶ ಮಾಡಲಿ ಎಂದು ಯಾರೂ ಬಯಸುವುದಿಲ್ಲ. ವಟ್ರಸುಳಿಯನ್ನೂ ರ ಒತ್ತನ್ನೂ ನಾವು ಮಾತಿನಲ್ಲಿ ಹೆಚ್ಚುಕಡಿಮೆ ಒಂದೇ ರೀತಿ ಉಲಿಯುತ್ತೇವೆ, ಹಾಗಾಗಿ ಕಿವಿಯನ್ನು ನಂಬಿ ಬರೆದರೆ ಕೈಕೊಡುತ್ತದೆ. ನುಡಿಯಲ್ಲಿ ಗೃ ಬರಬೇಕಾದರೆ ಜಿ ಕೀಲಿಯ ಬಳಿಕ ಶಿಫ್ಟ್ ಹಿಡಿದು ಆರ್ ಒತ್ತಬೇಕು. ಗ್ರ ಬೇಕಾದರೆ ಜಿ, ಒತ್ತು ಕೊಡುವ ಎಫ್, ಆಮೇಲೆ ಆರ್. ಕೃಪೆ, ಪ್ರಕೃತಿ, ವೃತ್ತ, ಹೃದಯ ಇವುಗಳ ವಟ್ರಸುಳಿಗೂ ಗೃ ಬರೆಯುವ ಕ್ರಮವೇ.

ಇದಕ್ಕಿಂತ ದೊಡ್ಡ ಅನಾಹುತ ಸನ್ಮಾನ ಪತ್ರಗಳಲ್ಲಿ ಆಗುತ್ತದೆ. ಕೃತಜ್ಞತೆ ಎಂದು ಬರೆಯಬೇಕಾದ ಕಡೆ ‘ಕೃತಘ್ನತೆ’ ಬಂದುಬಿಡುತ್ತದೆ. ಜ್ಞ ಅಕ್ಷರವನ್ನು ನಾವು ಗ್ನ ಎಂಬಂತೆ ಉಚ್ಚರಿಸುವುದೇ ಕಾರಣ. ಜ್ಞ ಎಂದರೆ ತಿಳಿದವನು, ಸರ್ವಜ್ಞ ಎನ್ನುವಲ್ಲಿ ಇರುವುದು ಅದೇ. ಘ್ನ ಎಂದರೆ ಕೊಲ್ಲುವವನು, ಶತ್ರುಘ್ನ ಎನ್ನುವಲ್ಲಿ ಇರುವುದು ಅದು. ಮಾಡಿದ ಉಪಕಾರವನ್ನು ತಿಳಿದವನು ಕೃತಜ್ಞ, ಕೊಂದವನು ಕೃತಘ್ನ. ಸನ್ಮಾನಿಸಿದವರಿಗೆ ಚೌಕಟ್ಟು ಹಾಕಿಸಿ ಕೃತಘ್ನತೆ ಅರ್ಪಿಸಿದಂತಾದರೆ ಆ ಪತ್ರ ಗೋಡೆಯ ಮೇಲೆ ವರ್ಷಗಟ್ಟಲೆ ಹಾಗೇ ಇರುತ್ತದೆ.

ಹ ಅಕ್ಷರಕ್ಕೆ ಒತ್ತು ಬಂದಾಗ ಕ್ರಮ ತಪ್ಪುವುದು ಇನ್ನೊಂದು. ಚಿಹ್ನೆ, ಮಧ್ಯಾಹ್ನ, ಬ್ರಾಹ್ಮಣ, ಆಹ್ವಾನ ಎಲ್ಲದರಲ್ಲೂ ಹ ಮೇಲೆ, ಮಿಕ್ಕದ್ದು ಒತ್ತು. ನಾಲಿಗೆಗೆ ನ, ಮ ಮೊದಲು ಬಂದು ಹ ಆಮೇಲೆ ಬರುವುದು ಸುಲಭ, ಆದ್ದರಿಂದ ‘ಚಿನ್ಹೆ’, ‘ಮಧ್ಯಾನ್ಹ’ ಎನ್ನುತ್ತೇವೆ. ಆಡುವಾಗ ಅದನ್ನು ಆಕ್ಷೇಪಿಸಬೇಕಾಗಿಲ್ಲ, ಬರೆಯುವಾಗ ಹ ಮೊದಲಿರಲಿ. ವೇದಿಕೆಯ ನಿರೂಪಕರು ಮಾತ್ರ ಅ, ಹ ಎರಡರಲ್ಲೂ ಎಚ್ಚರವಾಗಿರಬೇಕು. ಆದರದ ಸ್ವಾಗತಕ್ಕೆ ಹ ಸೇರಿದರೆ ಏನಾಗುತ್ತದೆಂದು ಬಿಡಿಸಿ ಹೇಳಬೇಕಾಗಿಲ್ಲ.

ಮಲೆನಾಡಿನವರಿಗೆ ಜೇಬಿಗೇ ತಾಗುವ ತಪ್ಪು ಲ ಮತ್ತು ಳ. ಬೆಳೆ ಹೊಲದಲ್ಲಿ ಇರುವುದು, ಬೆಲೆ ಮಂಡಿಯಲ್ಲಿ ಸಿಗುವುದು. ಬೆಳೆ ವಿಮೆ ಬೇರೆ, ಬೆಂಬಲ ಬೆಲೆ ಬೇರೆ. ಅಡಿಕೆಯ ಕೊಳೆರೋಗ ‘ಕೊಲೆರೋಗ’ ಎಂದು ಅಚ್ಚಾದದ್ದನ್ನು ಕಂಡರೆ ಸಿಟ್ಟೇ ಬರುತ್ತದೆ. ಅದೇ ಕರಪತ್ರಗಳಲ್ಲಿ ಪರಿಮಾಣ ಎನ್ನಬೇಕಾದ ಕಡೆ ‘ಪರಿಣಾಮ’ ಎಂದಿರುತ್ತದೆ. ಕೊಳೆರೋಗಕ್ಕೆ ಹೊಡೆಯುವ ಶೇ 1ರ ಬೋರ್ಡೋ ದ್ರಾವಣಕ್ಕೆ 100 ಲೀಟರ್ ನೀರಿಗೆ 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ, ಇದು ಪರಿಮಾಣ. ಸುಣ್ಣ ಕಡಿಮೆಯಾಗಿ ಮೈಲುತುತ್ತದ ಅಂಶ ಹೆಚ್ಚಿದರೆ ಸಿಂಗಾರ (ಅಡಿಕೆಯ ಹೂಗೊಂಚಲು), ಎಳೆಗಾಯಿ ಸುಡುತ್ತವೆ, ಅದು ಪರಿಣಾಮ. ಕೊಳೆ ಔಷಧಿ ಹೊಡೆಯುವ ರೈತ ಓದುವ ಹಾಳೆಯಲ್ಲಿ ಈ ಎರಡು ಪದ ಬೆರೆಯಬಾರದು.

ಪೇಟೆ ಧಾರಣೆ ಓದುವವರಿಗೂ ಒಂದು ಮಾತು. ಶಿವಮೊಗ್ಗ ಮಾರುಕಟ್ಟೆಯ ಸರಕು, ಬೆಟ್ಟೆ, ರಾಶಿ, ಗೊರಬಲು ಇವು ಅಡಿಕೆಯ ಬಗೆಗಳ ಹೆಸರು. ಬೆಟ್ಟೆಯನ್ನು ‘ಬೆಟ್ಟ’ ಎಂದು ಓದಿದರೆ ಇಲ್ಲಿನವರಿಗೆ ನೆನಪಾಗುವುದು ತೋಟಕ್ಕೆ ಸೊಪ್ಪು ತರುವ ಸೊಪ್ಪಿನಬೆಟ್ಟ. ಸರಕು ಎಂಬುದನ್ನು ಸಾಮಾನು ಸರಂಜಾಮು ಎಂಬ ಅರ್ಥದಲ್ಲಿ ಮುಂದಿನ ಪದಕ್ಕೆ ಸೇರಿಸಿ ಓದುವುದೂ ಉಂಟು. ಒಂದೊಂದು ಹೆಸರಿನ ಬಳಿಕ ಸ್ವಲ್ಪ ನಿಂತು ದರ ಹೇಳಿದರೆ ಸಾಕು.

ಊರ ಹೆಸರುಗಳು ಕೆಡುವುದು ಇಂಗ್ಲಿಷಿನ ಮೂಲಕ. 2014ರ ನವೆಂಬರ್ 1ರಂದು ಶಿವಮೊಗ್ಗದ ಹೆಸರನ್ನು ಇಂಗ್ಲಿಷಿನಲ್ಲೂ ಕನ್ನಡದಂತೆಯೇ ಬರೆಯುವ ಆದೇಶ ಜಾರಿಗೆ ಬಂತು, ಸಂತೋಷ. ಆದರೆ ಇಂಗ್ಲಿಷ್ ಲಿಪಿಯಲ್ಲಿ ಟ–ತ, ಡ–ದ, ಳ–ಲ, ಣ–ನ ಬೇರೆ ಬೇರೆ ಇಲ್ಲ, ದೀರ್ಘವನ್ನು ತೋರಿಸುವ ರೂಢಿಯೂ ಇಲ್ಲ. ಇಂಗ್ಲಿಷ್ ಪಟ್ಟಿಯನ್ನು ನೋಡಿ ಮತ್ತೆ ಕನ್ನಡಕ್ಕೆ ಇಳಿಸಿದಾಗ ತಾಳಗುಪ್ಪ ‘ತಲಗುಪ್ಪ’ವಾಗುತ್ತದೆ, ಮಂಡಗದ್ದೆ ‘ಮಂದಗದ್ದೆ’, ಕೋಣಂದೂರು ‘ಕೊನಂದೂರು’, ಬಾಳೆಹೊನ್ನೂರು ‘ಬಲೆಹೊನ್ನೂರು’. ಮೊಬೈಲಿನ ನಕಾಶೆ ದಾರಿ ಹೇಳುವಾಗ ಆಡುವುದೂ ಇದೇ ಕನ್ನಡ. ಊರ ಹೆಸರಿನ ಕನ್ನಡ ಪಟ್ಟಿಯನ್ನು ಆಯಾ ಗ್ರಾಮ ಪಂಚಾಯಿತಿಯಿಂದಲೇ ಪಡೆಯಬೇಕು, ಇಂಗ್ಲಿಷಿನಿಂದ ಇಳಿಸಬಾರದು. ಶರಾವತಿಯನ್ನು ‘ಷರಾವತಿ’, ‘ಸರಾವತಿ’ ಎಂದು ಬರೆಯುವವರು ನದಿ ಹುಟ್ಟುವ ಜಾಗವನ್ನು ನೆನೆದರೆ ಸಾಕು. ಅದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥ. ಅಂಬು ಎಂದರೂ ಶರ ಎಂದರೂ ಬಾಣ. ಹಾಗೆಯೇ ನಮ್ಮದು ಮಲೆನಾಡು. ಮಲೆ ಎಂದರೆ ಬೆಟ್ಟ. ಆಗುಂಬೆಯ ಮಳೆ ನೋಡಿ ‘ಮಳೆನಾಡು’ ಎನ್ನಿಸುವುದು ಸಹಜ, ಹೆಸರು ಮಾತ್ರ ಬೆಟ್ಟದ್ದು.

ಸಂಧಿಯ ತಪ್ಪುಗಳನ್ನು ಉದ್ದಕ್ಕೆ ಹೇಳುವುದಿಲ್ಲ. ಕೋಟಿಗೆ ಅಧಿಪತಿ ಸೇರಿದರೆ ಕೋಟ್ಯಧಿಪತಿ, ಜಾತಿಗೆ ಅತೀತ ಸೇರಿದರೆ ಜಾತ್ಯತೀತ. ‘ಕೋಟ್ಯಾ’, ‘ಜಾತ್ಯಾ’ ಎಂದು ಎಳೆಯಬಾರದು. ಎರಡನೆಯ ಪದ ದೀರ್ಘದಿಂದ ಶುರುವಾದರೆ ಮಾತ್ರ ದೀರ್ಘ, ಇತಿಗೆ ಆದಿ ಸೇರಿ ಇತ್ಯಾದಿ ಆದಂತೆ. ಹೋಟೆಲುಗಳಲ್ಲಿ ಸಿಗುವುದು ಉಪಾಹಾರ. ಉಪಹಾರ ಎಂದರೆ ಕಾಣಿಕೆ.

ಇನ್ನು ಕಣ್ಣಿಗೆ ಬೀಳದ ಒಂದು ತಪ್ಪು. ಅರ್ಕಾವೊತ್ತಿನ ಬದಲು ಕನ್ನಡದ ಒಂಬತ್ತನ್ನು ಒತ್ತಿ ‘ಕನಾ೯ಟಕ’, ‘ಧಮ೯’ ಎಂದು ಬರೆಯುತ್ತಾರೆ. ಅನುಸ್ವಾರದ ಬದಲು ಕನ್ನಡದ ಸೊನ್ನೆ ಹಾಕಿ ‘ಬ೦ದು’ ಎನ್ನುತ್ತಾರೆ. ಕಾಗದದ ಮೇಲೆ ವ್ಯತ್ಯಾಸ ಕಾಣದು. ಆದರೆ ಕಂಪ್ಯೂಟರಿಗೆ ಅವು ಅಂಕಿಗಳು: ಕರ್ನಾಟಕ ಎಂದು ಹುಡುಕಿದರೆ ಆ ಕಡತ ಸಿಗುವುದಿಲ್ಲ, ಅಂಧರಿಗೆ ಓದಿ ಹೇಳುವ ತಂತ್ರಾಂಶವೂ ಎಡವುತ್ತದೆ. ಸರಿಯಾದ ಕ್ರಮ ಆರ್, ಎಫ್, ಆಮೇಲೆ ಮುಂದಿನ ವ್ಯಂಜನ. ಕೆಲಸ ಮುಗಿದ ಮೇಲೆ ಹುಡುಕು ಗುಂಡಿಯಲ್ಲಿ ೯ ಮತ್ತು ೦ ಹಾಕಿ ನೋಡಬೇಕು. ದಿನಾಂಕ, ಮೊತ್ತಗಳಲ್ಲಿ ಬಿಟ್ಟು ಬೇರೆಲ್ಲೂ ಅವು ಸಿಗಬಾರದು.

ಅಚ್ಚುಮನೆಯವರೂ ಪಂಚಾಯಿತಿಯವರೂ ಕರಡನ್ನು ಪರದೆಯ ಮೇಲೆ ಓದಿ ಒಪ್ಪಬಾರದು. ಅಕ್ಷರ ದೊಡ್ಡದು ಮಾಡಿ ಒಂದು ಪ್ರತಿ ತೆಗೆಯಿರಿ, ಏಕೆಂದರೆ ಚಿಕ್ಕ ಅಕ್ಷರದಲ್ಲಿ ದ ಮತ್ತು ಧದ ವ್ಯತ್ಯಾಸ ಕಾಣದು. ಒಬ್ಬರು ಮೂಲ ಹಿಡಿದು ಗಟ್ಟಿಯಾಗಿ ಓದಲಿ, ಇನ್ನೊಬ್ಬರು ಕರಡು ನೋಡಲಿ. ಎರಡನೇ ಸಲ ಅರ್ಥದ ಗೊಡವೆಗೆ ಹೋಗದೆ ಒತ್ತಕ್ಷರ, ವಟ್ರಸುಳಿ, ಲ–ಳಗಳನ್ನಷ್ಟೇ ನೋಡಬೇಕು. ಅರ್ಥ ಹಿಡಿದು ಓದುವ ಕಣ್ಣು ಅಕ್ಷರವನ್ನು ಹಾರಿಸುತ್ತದೆ. ಊರ ಹೆಸರು, ಮನುಷ್ಯರ ಹೆಸರು, ತಾರೀಖಿಗೆ ಹೊಂದುವ ವಾರ ಕೊನೆಗೆ. ಕಮಾನಿನ ಬರಹವಾದರೆ ಬಣ್ಣದವರು ಕುಂಚ ಹಿಡಿಯುವ ಮೊದಲು ಊರಿನ ಶಾಲೆಯ ಕನ್ನಡ ಮೇಷ್ಟರಿಗೋ ಟೀಚರಿಗೋ ಆ ಸಾಲನ್ನು ತೋರಿಸಿ ಸಹಿ ಪಡೆಯುವ ಪದ್ಧತಿಯನ್ನು ಪಂಚಾಯಿತಿಗಳು ಮಾಡಿಕೊಳ್ಳಲಿ. ಶಿವಮೊಗ್ಗ ಜಿಲ್ಲೆಯ ಏಳೂ ತಾಲ್ಲೂಕುಗಳ ಊರ ಹೆಸರುಗಳ ಸರಿಯಾದ ಕನ್ನಡ ಪಟ್ಟಿಯನ್ನು ತಮ್ಮ ಪತ್ರಿಕೆ ಕಂತುಗಳಲ್ಲಿ ಪ್ರಕಟಿಸಬೇಕೆಂದು ಕೋರುತ್ತೇನೆ. ತೀರ್ಥಹಳ್ಳಿಯಿಂದ ಆರಂಭಿಸುವುದಾದರೆ ಕರಡು ನೋಡಿಕೊಡಲು ಸಿದ್ಧ.

ಇಂತಿ,
ಕರಡು ತಿದ್ದುವ ಓದುಗ, ತೀರ್ಥಹಳ್ಳಿ